ರೈಲು ಬಿಟ್ಟುಹೋದ ಹಾದಿಯಲ್ಲಿ: ದಕ್ಷಿಣ ಬರ್ಗಂಡಿಯ ಒಂದು ಸೈಕಲ್ ಸುತ್ತು

ಫ್ರಾನ್ಸಿನ ಬರ್ಗಂಡಿ ಸೀಮೆಯ ದಕ್ಷಿಣ ಭಾಗದಲ್ಲಿ ಝಿವ್ರಿ ಮತ್ತು ಕ್ಲೂನಿ ಎಂಬ ಎರಡು ಸಣ್ಣ ಊರುಗಳಿವೆ. ಅವುಗಳ ನಡುವೆ ಓಡಾಟ ನಿಂತುಹೋಗಿದ್ದ ರೈಲು ಮಾರ್ಗದ ಹಳಿಗಳನ್ನು ಕಿತ್ತು, ಅದೇ ಏರಿಯ ಮೇಲೆ ಡಾಂಬರು ಹಾಸಿ, 44 ಕಿಲೋಮೀಟರ್ ಉದ್ದದ ದಾರಿಯೊಂದನ್ನು 1997ರಲ್ಲಿ ಸೈಕಲ್ ಸವಾರರಿಗೂ ನಡೆದು ಹೋಗುವವರಿಗೂ ಬಿಟ್ಟುಕೊಡಲಾಯಿತು. ‘ವ್ವಾ ವೆರ್ತ್’, ಅಂದರೆ ಹಸಿರು ದಾರಿ, ಎಂದು ಫ್ರೆಂಚರು ಕರೆಯುವ ಬಗೆಯ ಮಾರ್ಗಗಳಲ್ಲಿ ಇದು ಆ ದೇಶದ ಮೊದಲನೆಯದು. ಇಂಥ ದಾರಿಗಳಿಗೆ 2004ರಲ್ಲಿ ರಸ್ತೆ ನಿಯಮಗಳಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು. ಎಂಜಿನ್ನಿನ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಸೈಕಲ್ಲು, ಕಾಲ್ನಡಿಗೆ, ಕುದುರೆ ಸವಾರಿ ಇಷ್ಟಕ್ಕೆ ಮಾತ್ರ ಅವಕಾಶ. ಮೊದಲ ತುಂಡು ಜನಪ್ರಿಯವಾದ ಮೇಲೆ ಉತ್ತರದಲ್ಲಿ ಶಾಲೋನ್-ಸುರ್-ಸೋನ್ ಪಟ್ಟಣದವರೆಗೂ ದಕ್ಷಿಣದಲ್ಲಿ ಮಾಕೋನ್ ಪಟ್ಟಣದ ಅಂಚಿನವರೆಗೂ ದಾರಿಯನ್ನು ಬೆಳೆಸಿದರು. ಮಾಕೋನ್‌ನಿಂದ ಸೋನ್ ನದಿಯ ದಂಡೆ ಹಿಡಿದು ತೂರ್ನ್ಯು ಊರಿನ ಮೂಲಕ ಮತ್ತೆ ಶಾಲೋನ್ ಸೇರಬಹುದಾದ್ದರಿಂದ, ಒಟ್ಟು ಸುಮಾರು 140 ಕಿಲೋಮೀಟರುಗಳ ಒಂದು ಸುತ್ತು ಏರ್ಪಡುತ್ತದೆ. ಕಳೆದ ಜೂನ್ ತಿಂಗಳಿನಲ್ಲಿ ನಾನು ಮತ್ತು ನನ್ನ ಯಜಮಾನರು ಪೂರೈಸಿದ್ದು ಈ ಸುತ್ತನ್ನು.

ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು, ಯಜಮಾನರು ಬ್ಯಾಂಕಿನಲ್ಲಿದ್ದವರು. ಮಗಳು ಲಿಯಾನ್ ನಗರದಲ್ಲಿ ಕೆಲಸದಲ್ಲಿರುವುದರಿಂದ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದೆವು. ನಾವಿಬ್ಬರೂ ಸೈಕಲ್ ಕ್ರೀಡಾಳುಗಳಲ್ಲ. ಸಮತಟ್ಟಾದ ಬೀದಿಯಲ್ಲಿ ಗಂಟೆಗೆ ಹನ್ನೆರಡು ಹದಿಮೂರು ಕಿಲೋಮೀಟರ್ ವೇಗದಲ್ಲಿ ಹೋಗಬಲ್ಲೆವು, ಏರು ಬಂದರೆ ಇಳಿದು ತಳ್ಳುತ್ತೇವೆ, ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಹ್ಯಾಂಡಲ್ ಅಲುಗುತ್ತದೆ. ಈ ಮೂರೂ ಸಂಗತಿಗಳನ್ನು ಬಲ್ಲ ಮಗಳು ಲುವಾರ್ ನದಿಯ ಪ್ರಸಿದ್ಧ ಮಾರ್ಗವನ್ನು ಬೇಡವೆಂದಳು. ಅಲ್ಲಿ ಅರಮನೆಗಳ ಸಾಲೇನೋ ಇದೆ, ಆದರೆ ಹಲವೆಡೆ ಊರ ಸಣ್ಣ ರಸ್ತೆಗಳನ್ನು ಕಾರುಗಳೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ದಕ್ಷಿಣದ ಕನಾಲ್ ದ್ಯು ಮಿದಿ ಕಾಲುವೆಯ ದಂಡೆಯಲ್ಲಿ ಕಾರುಗಳ ಕಾಟವಿಲ್ಲ. ಆದರೆ ತುಲೂಸ್ ನಗರದಿಂದ ದೂರ ಸರಿದಂತೆ ಹಾದಿ ಕಚ್ಚಾ ಆಗುತ್ತದೆ, ಮರದ ಬೇರುಗಳು ಎದ್ದಿರುತ್ತವೆ. ಬರ್ಗಂಡಿಯ ಹಳೆಯ ರೈಲು ದಾರಿಯಲ್ಲಿ ಈ ಎರಡು ತೊಡಕುಗಳೂ ಇಲ್ಲ, ಲಿಯಾನ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಶಾಲೋನ್ ತಲಪಬಹುದು ಎಂದು ಅವಳು ಹೇಳಿದಾಗ ನಾವು ಹೆಚ್ಚು ವಾದಿಸಲಿಲ್ಲ.

ರೈಲು ದಾರಿ ಏಕೆ ಸುಲಭ ಎಂಬುದನ್ನು ನಾನು ಮಕ್ಕಳಿಗೆ ಪಾಠ ಹೇಳಿದ್ದುಂಟು. ಪೆಡಲ್ ತುಳಿದು ತಿಳಿದದ್ದು ಮಾತ್ರ ಇದೇ ಮೊದಲು. ಉಗಿ ಎಂಜಿನ್ನುಗಳ ಕಾಲದಲ್ಲಿ, ನೂರು ಮೀಟರ್ ಸಾಗುವಷ್ಟರಲ್ಲಿ ಎರಡು ಮೂರು ಮೀಟರಿಗಿಂತ ಹೆಚ್ಚು ಮೇಲೇರುವ ಮಾರ್ಗವನ್ನು ಎಂಜಿನಿಯರುಗಳು ಆದಷ್ಟೂ ತಪ್ಪಿಸುತ್ತಿದ್ದರು. ಗುಡ್ಡ ಅಡ್ಡ ಬಂದರೆ ಕಡಿದರು, ತಗ್ಗು ಬಂದರೆ ಮಣ್ಣು ತುಂಬಿದರು, ಎರಡೂ ಆಗದಿದ್ದಲ್ಲಿ ಸುರಂಗ ಕೊರೆದರು. ಆ ಕಾಲದ ಕೂಲಿಯಾಳುಗಳ ಅಷ್ಟು ಶ್ರಮದ ಫಲವನ್ನು ಇಂದು ಸೈಕಲ್ ಸವಾರರು ಉಣ್ಣುತ್ತಿದ್ದಾರೆ. ಸುತ್ತಲೂ ಗುಡ್ಡ, ದ್ರಾಕ್ಷಿತೋಟದ ಇಳಿಜಾರು ಕಾಣುತ್ತಿದ್ದರೂ ನಮ್ಮ ಚಕ್ರದ ಕೆಳಗಿನ ನೆಲ ಎತ್ತ ವಾಲಿದೆ ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಗೇರನ್ನು ಒಂದು ಹಲ್ಲು ಬದಲಿಸಬೇಕೆನಿಸಿದಾಗ ಮಾತ್ರ, ಓಹೋ, ಇಲ್ಲಿ ಏರಿದೆ ಎಂದು ಗೊತ್ತಾಗುತ್ತಿತ್ತು.

ಹೊರಡುವ ಮುನ್ನ ಮಗಳು ಹೇಳಿದ ಮಾತೊಂದು ದಾರಿಯುದ್ದಕ್ಕೂ ನಿಜವಾಯಿತು. “ಅಮ್ಮಾ, ನೀವಿಬ್ಬರೂ ಕಿಲೋಮೀಟರ್ ಲೆಕ್ಕ ಹಾಕುತ್ತ ಕೂರಬೇಡಿ. ಅಂಗಡಿ ಯಾವಾಗ ಮುಚ್ಚುತ್ತದೆ, ಊಟ ಎಷ್ಟು ಹೊತ್ತಿಗೆ ಸಿಗುತ್ತದೆ ಅನ್ನುವುದನ್ನು ಮೊದಲು ಬರೆದುಕೊಳ್ಳಿ” ಎಂದಿದ್ದಳು. ಕಷ್ಟದ ದಾರಿಯಲ್ಲಿ ಕಾಲು ಎಷ್ಟು ತಡೆದೀತು ಎಂಬುದೇ ದಿನದ ಯೋಜನೆಯನ್ನು ನಿರ್ಧರಿಸುತ್ತದೆ. ಇಂಥ ಸುಲಭದ ದಾರಿಯಲ್ಲಿ ಆ ಅಧಿಕಾರ ಗಡಿಯಾರಕ್ಕೆ ಸೇರಿದ್ದು. ನಮ್ಮ ಕಾಗದದ ಮೇಲೆ ಊರುಗಳ ನಡುವಿನ ದೂರಕ್ಕಿಂತ ಬೇಕರಿಗಳ ವಾರದ ರಜೆಯೇ ಹೆಚ್ಚು ಜಾಗ ಹಿಡಿದಿತ್ತು.

ಸೈಕಲ್ಲುಗಳನ್ನು ಶಾಲೋನ್‌ನಲ್ಲಿ ಬಾಡಿಗೆಗೆ ಪಡೆದೆವು. ರಸ್ತೆಗೂ ಗಟ್ಟಿ ಮಣ್ಣಿನ ಹಾದಿಗೂ ಒಗ್ಗುವ, ನೇರ ಕುಳಿತು ಓಡಿಸುವ, ಹಿಂದೆ ಕ್ಯಾರಿಯರ್ ಇದ್ದು ಎರಡೂ ಬದಿಗೆ ಚೀಲ ತಗುಲಿಸಬಹುದಾದ ಪ್ರವಾಸಿ ಸೈಕಲ್ಲುಗಳವು. ಬ್ಯಾಟರಿ ಸಹಾಯದ ಸೈಕಲ್ಲುಗಳೂ ಇದ್ದವು. ಯುರೋಪಿನ ನಿಯಮದಂತೆ ಅವುಗಳ ಮೋಟಾರು 250 ವ್ಯಾಟ್ ಮೀರುವಂತಿಲ್ಲ, ಗಂಟೆಗೆ 25 ಕಿಲೋಮೀಟರ್ ದಾಟಿದೊಡನೆ ಸಹಾಯ ನಿಲ್ಲಬೇಕು. ಆದ್ದರಿಂದ ಹಸಿರು ದಾರಿಯಲ್ಲಿ ಅವುಗಳಿಗೆ ತಡೆಯಿಲ್ಲ. ಸಮತಟ್ಟು ದಾರಿಗೆ ಆ ಭಾರ ಏಕೆಂದು ಯಜಮಾನರು ಸಾದಾ ಸೈಕಲ್ಲನ್ನೇ ಆರಿಸಿದರು, ನಾನೂ ಒಪ್ಪಿದೆ. ನಮ್ಮ ದೇಶದಿಂದ ಹೋದವರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮಲ್ಲಿ ಬಲಗೈಯ ಬ್ರೇಕು ಮುಂದಿನ ಚಕ್ರದ್ದು, ಎಡಗೈಯದು ಹಿಂದಿನದು. ಫ್ರಾನ್ಸಿನಲ್ಲಿ ಇದು ತಿರುವುಮುರುವು. ಗಾಬರಿಯಾದಾಗ ಕೈ ಹಳೆಯ ಅಭ್ಯಾಸದಂತೆಯೇ ನಡೆಯುತ್ತದೆ. ಬಾಡಿಗೆಯವರ ಅಂಗಳದಲ್ಲಿಯೇ ಹತ್ತಾರು ಸಲ ಎರಡು ಬ್ರೇಕುಗಳನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುವುದನ್ನು ರೂಢಿ ಮಾಡಿಕೊಂಡೆವು. ಬಲಗಡೆ ಚಲಿಸುವುದು ಅಷ್ಟು ತೊಂದರೆ ಕೊಡಲಿಲ್ಲ; ಹಾದಿ ಕಿರಿದಾದ್ದರಿಂದ ಎದುರು ಬಂದವರೇ ನಮ್ಮನ್ನು ನಮ್ಮ ಬದಿಗೆ ತಳ್ಳುತ್ತಿದ್ದರು. ಟ್ಯೂಬಿನ ವಾಲ್ವ್ ಸಪೂರವಾದ ಪ್ರೆಸ್ಟಾ ಬಗೆಯದಾಗಿದ್ದರಿಂದ ಅದಕ್ಕೆ ಹೊಂದುವ ಪಂಪನ್ನು ಕೇಳಿ ಪಡೆದೆವು.

ಶಾಲೋನ್ ಪಟ್ಟಣದಲ್ಲಿ ಅರ್ಧ ದಿನ ನಿಂತದ್ದಕ್ಕೆ ಕಾರಣವಿತ್ತು. ಛಾಯಾಚಿತ್ರ ಕಲೆಯನ್ನು ಕಂಡುಹಿಡಿದವರಲ್ಲಿ ಮೊದಲಿಗನೆನಿಸಿದ ನಿಸೆಫೋರ್ ನಿಯೆಪ್ಸ್ 1765ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಸೋನ್ ನದಿಯ ದಂಡೆಯಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ. ಕ್ಯಾಮೆರಾಗಳನ್ನು ನೋಡಲು ಹೋದ ನಮಗೆ ಅವನಿಗೂ ಸೈಕಲ್ಲಿಗೂ ಇರುವ ನಂಟು ತಿಳಿದದ್ದು ಲಾಭ. ಜರ್ಮನಿಯ ಡ್ರೈಸ್ ರೂಪಿಸಿದ್ದ, ಪೆಡಲ್ ಇಲ್ಲದೆ ಕಾಲಿನಿಂದ ನೆಲವನ್ನು ಒದ್ದು ಓಡಿಸುವ ಎರಡು ಚಕ್ರದ ಗಾಡಿಯನ್ನು ನಿಯೆಪ್ಸ್ 1818ರ ಸುಮಾರಿಗೆ ತನಗೆ ಬೇಕಾದಂತೆ ತಿದ್ದಿ, ಎತ್ತರ ಹೊಂದಿಸಬಹುದಾದ ಆಸನವನ್ನು ಅದಕ್ಕೆ ಜೋಡಿಸಿ ಓಡಾಡಿದ್ದನಂತೆ. ಆಸನದ ಎತ್ತರ ಎಷ್ಟು ಮುಖ್ಯ ಎಂಬುದು ಮಾರನೆಯ ಸಂಜೆ ನನ್ನ ಮಂಡಿಗಳಿಗೆ ಅರ್ಥವಾಯಿತು. ಎರಡು ಬೆರಳು ಮೇಲಕ್ಕೆ ಏರಿಸಿದ ಮೇಲೆ ನೋವು ಹೋಯಿತು.

ಪಟ್ಟಣ ಬಿಟ್ಟು ಝಿವ್ರಿ ಸೇರುವವರೆಗಿನ ಭಾಗದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಊರಾಚೆಯ ಗೋದಾಮು, ಬಡಾವಣೆ, ಹೆದ್ದಾರಿಯ ಸದ್ದು. ಝಿವ್ರಿಯಿಂದ ಮುಂದೆ ದ್ರಾಕ್ಷಿ ಆರಂಭವಾಗುತ್ತದೆ. ಬಲಗಡೆಗೆ ಸುಣ್ಣಕಲ್ಲಿನ ಗುಡ್ಡದ ಸಾಲು, ಅದರ ಪೂರ್ವದ ಇಳಿಜಾರಿನಲ್ಲಿ ಬೆಳಗಿನ ಬಿಸಿಲು ಬೀಳುವಂತೆ ಸಾಲು ಹಿಡಿದ ಬಳ್ಳಿಗಳು, ಎಡಗಡೆಗೆ ಸೋನ್ ನದಿಯವರೆಗೂ ಹಬ್ಬಿದ ಬಯಲು. ಗುಡ್ಡಕ್ಕೂ ಬಯಲಿಗೂ ನಡುವಿನ ಗೆರೆಯನ್ನೇ ರೈಲು ಆರಿಸಿಕೊಂಡಿತ್ತು. ಝಿವ್ರಿಯಲ್ಲಿ ಕೆಂಪು ವೈನ್ ಹೆಚ್ಚು, ಬ್ಯೂಸಿ ಊರಿನ ಸುತ್ತಣ ಮೊಂತಾಞಿ ಪ್ರದೇಶದಲ್ಲಿ ಬರೀ ಬಿಳಿಯದು. ನಾವು ಕುಡಿಯುವವರಲ್ಲವಾದ್ದರಿಂದ ಈ ಭೇದ ನಮಗೆ ಬೋರ್ಡುಗಳಲ್ಲಿ ಓದಿ ಸಂತೋಷಪಡುವಷ್ಟಕ್ಕೇ ಉಳಿಯಿತು. ಆದರೆ ಒಂದೇ ಗುಡ್ಡದಲ್ಲಿ ಒಂದು ಮಗ್ಗುಲಿಗೊಂದು ಬೆಲೆ ಇರುವುದೇಕೆ ಎಂಬುದನ್ನು ಮಣ್ಣು, ಇಳಿಜಾರು, ಬಿಸಿಲಿನ ಕೋನ ತೋರಿಸಿ ವಿವರಿಸಲು ಇದಕ್ಕಿಂತ ಒಳ್ಳೆಯ ಪಾಠದ ಕೋಣೆ ನನಗೆ ಸಿಕ್ಕಿರಲಿಲ್ಲ. ಕೇಳುವ ವಿದ್ಯಾರ್ಥಿ ಯಜಮಾನರೊಬ್ಬರೇ, ಅವರೂ ಮುಂದೆ ಮುಂದೆ ಹೋಗುತ್ತಿದ್ದರು.

ಈ ಹಾದಿಯ ಸ್ವಭಾವ ನಿಧಾನವಾಗಿ ಅರ್ಥವಾಗುತ್ತದೆ. ಊರ ರಸ್ತೆ ಹಾದುಹೋಗುವಲ್ಲೆಲ್ಲ ಒಂದೊಂದು ಪುಟ್ಟ ಮನೆಯಿದೆ. ಹಿಂದೆ ರೈಲು ಬರುವಾಗ ಗೇಟು ಹಾಕುತ್ತಿದ್ದ ಕಾವಲುಗಾರರ ಕುಟುಂಬ ವಾಸಿಸುತ್ತಿದ್ದ ಆ ಮನೆಗಳಲ್ಲಿ ಈಗ ಬೇರೆಯವರು ಗುಲಾಬಿ ಬೆಳೆಸಿಕೊಂಡು ಇದ್ದಾರೆ. ಅಂಥ ಕಡೆ ಸೈಕಲ್ ದಾರಿಗೆ ಅಡ್ಡಲಾಗಿ ಕಂಬ ಅಥವಾ ಕಂಬಿ ನೆಟ್ಟಿರುತ್ತಾರೆ, ಕಾರು ಒಳನುಗ್ಗದಿರಲಿ ಎಂದೂ ಸವಾರರು ವೇಗ ತಗ್ಗಿಸಲಿ ಎಂದೂ. ಕಾರಿಲ್ಲದ ದಾರಿ ಎಂದು ಮೈಮರೆಯುವ ಅಪಾಯ ಇರುವುದು ಈ ಅಡ್ಡರಸ್ತೆಗಳಲ್ಲಿಯೇ. ಬಹುಪಾಲು ಕಡೆ ದಾರಿ ಬಿಡಬೇಕಾದವರು ನಾವು, ಕಾರಿನವರಲ್ಲ; ಚಿಹ್ನೆಯನ್ನು ಓದಿ, ಕಾಲು ನೆಲಕ್ಕಿಟ್ಟು, ಎರಡೂ ಕಡೆ ನೋಡಿ ದಾಟಬೇಕು. ಹಳೆಯ ನಿಲ್ದಾಣಗಳು ಕೆಲವೆಡೆ ಕಾಫಿಯಂಗಡಿಗಳಾಗಿವೆ, ಕೆಲವೆಡೆ ಸೈಕಲ್ ಬಾಡಿಗೆಯ ಜಾಗಗಳಾಗಿವೆ, ಕೆಲವು ಸುಮ್ಮನೆ ಬೀಗ ಹಾಕಿಕೊಂಡಿವೆ. ಆದರೆ ರೈಲ್ವೆಯವರು ನಿಲ್ದಾಣವನ್ನು ಊರೊಳಗೆ ಕಟ್ಟುತ್ತಿರಲಿಲ್ಲ. ಊರು ಗುಡ್ಡದ ಮೇಲೆ, ನಿಲ್ದಾಣ ಕೆಳಗೆ. ಹೀಗಾಗಿ ಹಾದಿಯನ್ನೇ ನಂಬಿ ಹೋದವರಿಗೆ ಊರುಗಳ ಹಿತ್ತಿಲು ಕಾಣುತ್ತದೆ ಹೊರತು ಊರು ಕಾಣುವುದಿಲ್ಲ. ಹಸಿರು ದಾರಿಗಳ ಬಗ್ಗೆ ನನಗಿರುವ ಒಂದೇ ದೂರು ಇದು. ಮರಗಳ ಸಾಲಿನ ನಡುವೆ ನೇರ ಸಾಗುವ ಡಾಂಬರಿನ ಮೇಲೆ ಗಂಟೆಗಟ್ಟಲೆ ಹೋದರೆ ಮನಸ್ಸಿಗೆ ಮಂಕು ಕವಿಯುತ್ತದೆ. ಏರು ಎಷ್ಟೇ ಇರಲಿ, ದಿನಕ್ಕೆ ಎರಡು ಸಲವಾದರೂ ಹಾದಿ ಬಿಟ್ಟು ಊರೊಳಕ್ಕೆ ಹತ್ತಲೇಬೇಕು. ಸಾಂ-ಝಾಂಗೂ ಊರಿಗೆ ಸೈಕಲ್ ತಳ್ಳಿಕೊಂಡು ಹೋದದ್ದರಿಂದಲೇ ನಮಗೆ ಅದರ ಹಳೆಯ ಕಲ್ಲಿನ ಓಣಿಗಳು ನೋಡಲು ಸಿಕ್ಕವು.

ಈಗ ಗಡಿಯಾರದ ವಿಷಯಕ್ಕೆ ಬರುತ್ತೇನೆ. ಇಲ್ಲಿಯ ಹಳ್ಳಿಗಳಲ್ಲಿ ದಿನಸಿ ಅಂಗಡಿ, ಬೇಕರಿ, ಅಂಚೆಕಚೇರಿ ಎಲ್ಲವೂ ಮಧ್ಯಾಹ್ನ 12ರ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು 2 ಗಂಟೆಯ ಮೇಲೆ, ಕೆಲವು ಇನ್ನೂ ತಡವಾಗಿ. ಊಟದ ಹೋಟೆಲುಗಳ ಲೆಕ್ಕ ಇದಕ್ಕೆ ವಿರುದ್ಧ. ಅಡುಗೆಮನೆ ನಡೆಯುವುದು ಆ ಎರಡು ಗಂಟೆಗಳಲ್ಲಿ ಮಾತ್ರ. ಒಂದೂಮುಕ್ಕಾಲಿಗೆ ಹೋಗಿ ಕುಳಿತರೆ ಮುಗಿಯಿತು ಎನ್ನುವುದೂ ಉಂಟು, ಅನಂತರ ರಾತ್ರಿ 7ರವರೆಗೆ ಬಿಸಿ ಊಟದ ಮಾತಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳಿಲ್ಲ, ಸೋಮವಾರ ಬಹಳಷ್ಟು ಬೇಕರಿ ಮತ್ತು ಹೋಟೆಲುಗಳಿಗೆ ರಜೆ. ಸೈಕಲ್ ಸವಾರರಿಗೆ ಹಸಿವು ಹತ್ತುವುದು ಸರಿಯಾಗಿ ಮೂರು ಗಂಟೆಗೆ. ಇದಕ್ಕೆ ನಾವು ಕಂಡುಕೊಂಡ ವ್ಯವಸ್ಥೆ ಸರಳವಾಗಿತ್ತು. ಬೆಳಿಗ್ಗೆ ಹೊರಡುವಾಗಲೇ ಬಾಗೆಟ್ ಎಂಬ ಉದ್ದನೆಯ ಬ್ರೆಡ್ಡು ಎರಡು, ಟೊಮ್ಯಾಟೊ, ಬಾಳೆಹಣ್ಣು, ಮೊಸರಿನ ಡಬ್ಬಿ ಕೊಂಡು ಚೀಲಕ್ಕೆ ಹಾಕುವುದು. ಹನ್ನೆರಡಕ್ಕೆ ಎಲ್ಲಿದ್ದೇವೋ ಅಲ್ಲಿಯೇ ಬೆಂಚು ಹುಡುಕುವುದು. ಬಿಸಿ ಊಟವನ್ನು ರಾತ್ರಿಗೆ ಇಟ್ಟುಕೊಳ್ಳುವುದು. ಹಾಸನದಿಂದ ತಂದಿದ್ದ ಚಟ್ನಿಪುಡಿಗೆ ಬೆಣ್ಣೆ ಕಲಸಿ ಬಾಗೆಟ್ಟಿಗೆ ಹಚ್ಚಿಕೊಂಡದ್ದನ್ನು ವಿವರಿಸುವ ಅಗತ್ಯ ಕನ್ನಡದ ಓದುಗರಿಗೆ ಇಲ್ಲವೆಂದುಕೊಂಡಿದ್ದೇನೆ.

ಸಸ್ಯಾಹಾರಿಗಳಿಗೆ ಇದು ಸುಲಭದ ಸೀಮೆಯಲ್ಲ. ಗ್ರೋನ್ ನದಿಯ ಕಣಿವೆಯುದ್ದಕ್ಕೂ ಹುಲ್ಲುಗಾವಲಿನಲ್ಲಿ ನಿಂತಿರುವ ದಪ್ಪ ಮೈಯ ಬಿಳಿ ದನಗಳು ಶಾರೊಲೆ ತಳಿಯವು. ಅವುಗಳನ್ನು ಸಾಕುವುದು ಮಾಂಸಕ್ಕಾಗಿ. ತರಕಾರಿಯ ಸಲಾಡ್ ಎಂದು ತರಿಸಿದರೂ ಅದರ ಮೇಲೆ ‘ಲಾರ್ದೋಂ’ ಎಂಬ ಹಂದಿಮಾಂಸದ ಚೂರುಗಳು ಉದುರಿರುತ್ತವೆ. ಬೇಕರಿಯ ಕೀಶ್ ಎಂಬ ಮೊಟ್ಟೆ-ಕೆನೆಯ ಖಾರದ ಕಡುಬಿನಲ್ಲಿಯೂ ಅದೇ ಗತಿ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮೀನು ನಡೆದೀತೇ ಎಂದು ಕೇಳುತ್ತಾರೆ. ಮಾಂಸ, ಮೀನು, ಲಾರ್ದೋಂ ಮೂರೂ ಬೇಡ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಮಾಕೋನ್ ಸೀಮೆಯ ಆಡಿನ ಹಾಲಿನ ಚೀಸ್, ಮೇಲ್ತುದಿ ಮೊಟಕಾದ ಶಂಕುವಿನ ಆಕಾರದ ಸಣ್ಣ ಮುದ್ದೆ, ಬಹಳ ಹೆಸರುವಾಸಿ. ಆದರೆ ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವುದುಂಟು ಎಂದು ತಿಳಿದ ಮೇಲೆ ಯಜಮಾನರು ಅದನ್ನು ಮುಟ್ಟಲಿಲ್ಲ. ರಾತ್ರಿಯ ಊಟದ ಸಮಸ್ಯೆಯನ್ನು ಬಗೆಹರಿಸಿದ್ದು ಮನೆವಾಸದ ಕೊಠಡಿಗಳು. ಸೈಕಲ್ ಮಾರ್ಗದಿಂದ 5 ಕಿಲೋಮೀಟರಿನೊಳಗಿದ್ದು, ಸೈಕಲ್ಲಿಗೆ ಬೀಗ ಹಾಕಿಡುವ ಜಾಗ, ರಿಪೇರಿಯ ಸಾಮಾನು ಮುಂತಾದ ಸೌಕರ್ಯ ಒದಗಿಸುವವರಿಗೆ ‘ಅಕ್ಕೇಯ್ ವೆಲೊ’ ಎಂಬ ರಾಷ್ಟ್ರೀಯ ಮುದ್ರೆ ಕೊಡುತ್ತಾರೆ. ಆ ಮುದ್ರೆಯಿದ್ದ ಮನೆಗಳಿಗೆ ಮಗಳು ಮುಂಚೆಯೇ ಫೋನ್ ಮಾಡಿ ನಮ್ಮ ಊಟದ ವಿಷಯ ಹೇಳಿದ್ದಳು. ಒಂದು ಮನೆಯಾಕೆಯಂತೂ ಬೇಳೆಯ ಸಾರು, ಆಲೂಗಡ್ಡೆ, ತೋಟದ ಬೀನ್ಸ್ ಮಾಡಿ ಬಡಿಸಿ, ಉಪ್ಪು ಸಾಕೇ ಎಂದು ಎರಡು ಸಲ ವಿಚಾರಿಸಿದರು. ಕುಡಿಯುವ ನೀರಿಗೆ ಒಂದು ಉಪಾಯವನ್ನು ಅವರೇ ಹೇಳಿಕೊಟ್ಟರು. ಊರಿನ ಅಂಗಡಿಗಳೆಲ್ಲ ಮುಚ್ಚಿದ್ದಾಗ ಸ್ಮಶಾನಕ್ಕೆ ಹೋಗಬೇಕು. ಗೋರಿಗಳ ಮೇಲಿನ ಹೂಗಿಡಗಳಿಗಾಗಿ ಅಲ್ಲಿ ನಲ್ಲಿಯಿರುತ್ತದೆ, ಕುಡಿಯಬಾರದೆಂಬ ಫಲಕವಿಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಬಹುದು. ಯಜಮಾನರು ಮೊದಲ ಸಲ ಹಿಂಜರಿದರು, ಎರಡನೆಯ ಸಲ ಬಾಯಾರಿಕೆ ಗೆದ್ದಿತು.

ಕೊರ್ಮತಾಂ ಊರಿನಲ್ಲಿ 17ನೇ ಶತಮಾನದ ಆರಂಭದ ಒಂದು ಕೋಟೆಮನೆಯಿದೆ, ಸುತ್ತ ನೀರಿನ ಕಂದಕ, ಒಳಗೆ ಚಿನ್ನದ ರೇಕು ಹೊದಿಸಿದ ಕೋಣೆಗಳು. ಅಲ್ಲಿಂದ ಸ್ವಲ್ಪ ಮುಂದೆ ಹಾದಿಯ ಪಕ್ಕದ ಗುಡ್ಡದ ಮೇಲೆ ತೇಝೆ ಹಳ್ಳಿ. 1940ರಲ್ಲಿ ಸೋದರ ರೋಜರ್ ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಸಾಧಕ ಇಲ್ಲಿಗೆ ಬಂದು ಸ್ಥಾಪಿಸಿದ ಆಶ್ರಮಕ್ಕೆ ಬೇಸಿಗೆಯಲ್ಲಿ ನಾನಾ ದೇಶಗಳ ಸಾವಿರಾರು ಯುವಜನ ಬಂದು ತಂಗುತ್ತಾರೆ. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಎಂಬ ಭೇದ ಅಲ್ಲಿಲ್ಲ. ಸೈಕಲ್ ತಳ್ಳಿಕೊಂಡು ಹತ್ತಿದೆವು. ಪ್ರಾರ್ಥನೆಯ ಹೊತ್ತಿಗೆ ಒಳಗೆ ಹೋಗಿ ನೆಲದ ಮೇಲೆ ಕುಳಿತೆವು. ಒಂದೇ ಸಾಲನ್ನು ಹಲವು ಭಾಷೆಗಳಲ್ಲಿ ಮತ್ತೆ ಮತ್ತೆ ಹಾಡುವ ಕ್ರಮ ನಮಗೆ ಭಜನೆಯ ಪರಿಚಯವಿದ್ದುದರಿಂದ ಹೊಸತೆನಿಸಲಿಲ್ಲ. ಇಳಿಯುವಾಗ ಮಾತ್ರ ಬ್ರೇಕಿನ ಪಾಠ ಉಪಯೋಗಕ್ಕೆ ಬಂತು.

ಕ್ಲೂನಿಯಲ್ಲಿ ಒಂದು ಪೂರ್ತಿ ದಿನ ಸೈಕಲ್ಲಿಗೆ ವಿಶ್ರಾಂತಿ ಕೊಟ್ಟೆವು. 910ರಲ್ಲಿ ಆರಂಭವಾದ ಇಲ್ಲಿನ ಬೆನೆಡಿಕ್ಟೈನ್ ಮಠ ಮಧ್ಯಯುಗದ ಯುರೋಪಿನಲ್ಲಿ ರೋಮಿನ ನಂತರದ ದೊಡ್ಡ ಧಾರ್ಮಿಕ ಶಕ್ತಿಯಾಗಿತ್ತು. 1088ರಲ್ಲಿ ಕಟ್ಟಲು ತೊಡಗಿದ ಮೂರನೆಯ ಚರ್ಚು 187 ಮೀಟರ್ ಉದ್ದವಿತ್ತು. ರೋಮಿನ ಸೇಂಟ್ ಪೀಟರ್ ದೇವಾಲಯವನ್ನು ಹೊಸದಾಗಿ ಕಟ್ಟುವವರೆಗೂ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರ 1798ರಲ್ಲಿ ಅದನ್ನು ಮಾರಿದರು, ಕೊಂಡವರು ಕಲ್ಲಿನ ಗಣಿಯಂತೆ ವರ್ಷಗಟ್ಟಲೆ ಕಡಿದು ಮಾರಿದರು. ಈಗ ಉಳಿದಿರುವುದು ಶಿಲುಬೆಯಾಕಾರದ ಆ ಚರ್ಚಿನ ಅಡ್ಡತೋಳಿನ ಒಂದು ಭಾಗ, ಅದರ ಮೇಲಿನ ಗೋಪುರ ಮತ್ತು ಎಷ್ಟೋ ಕಂಬಗಳ ಬುಡ. ಪಕ್ಕದಲ್ಲಿಯೇ ನೆಪೋಲಿಯನ್ ಕಾಲದಲ್ಲಿ ಸ್ಥಾಪಿಸಿದ ಸರಕಾರಿ ಕುದುರೆ ಲಾಯವಿದೆ. ಅದರ ಗೋಡೆಗಳಿಗೆ ಬಳಸಿದ್ದು ಮಠದ ಕಲ್ಲುಗಳನ್ನೇ. ಉಳಿದ ಕಟ್ಟಡಗಳಲ್ಲಿ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಹಳೇಬೀಡಿನ ಪಕ್ಕದಲ್ಲಿಯೇ ಬೆಳೆದ ನನಗೆ ಭಗ್ನಾವಶೇಷ ಹೊಸದಲ್ಲ. ಇಲ್ಲಿ ನೋಡುವವರು ಇಲ್ಲದ ಕಟ್ಟಡವನ್ನು ತಾವೇ ಊಹಿಸಿ ಕಟ್ಟಿಕೊಳ್ಳಬೇಕಾಗುತ್ತದೆ ಎಂಬುದೊಂದೇ ವ್ಯತ್ಯಾಸ. ಪೇಟೆಯ ‘ಚೀಸ್ ಗೋಪುರ’ ಎಂಬ ಹಳೆಯ ಬುರುಜನ್ನು ಹತ್ತಿ ನೋಡಿದರೆ ಆ ಚರ್ಚು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿತ್ತೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಕ್ಲೂನಿಯಿಂದ ದಕ್ಷಿಣಕ್ಕೆ ಹೊರಟರೆ ಇಡೀ ಸುತ್ತಿನಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವೆನಿಸಿದ ಭಾಗ ಸಿಗುತ್ತದೆ. ಗ್ರೋನ್ ಕಣಿವೆಗೂ ಮಾಕೋನ್ ಕಡೆಯ ಇಳುಕಲಿಗೂ ನಡುವೆ ಬ್ವಾ ಕ್ಲೇರ್ ಎಂಬ ಕಾಡು ಗುಡ್ಡ ಅಡ್ಡ ನಿಂತಿದೆ. ಹಳೆಯ ರೈಲಿಗೆ ಅದನ್ನು ಹತ್ತಲಾಗದು, ಆದ್ದರಿಂದ 1.6 ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆದರು. ಆ ಸುರಂಗವೇ ಈಗ ಸೈಕಲ್ ದಾರಿ. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ನಿದ್ರೆಗಿಳಿಯುವುದರಿಂದ ಆ ತಿಂಗಳುಗಳಲ್ಲಿ ಬಾಗಿಲು ಮುಚ್ಚುತ್ತಾರೆ, ಆಗ ಸವಾರರು ಗುಡ್ಡದ ಮೇಲಿನ ಏರುದಾರಿಯನ್ನೇ ಹಿಡಿಯಬೇಕು. ಹೊರಗೆ ಮೂವತ್ತು ಡಿಗ್ರಿ ಬಿಸಿಲು ಇದ್ದ ಹೊತ್ತಿನಲ್ಲಿ ನಾವು ಒಳಹೊಕ್ಕೆವು. ಹತ್ತು ಗಜ ಹೋಗುವಷ್ಟರಲ್ಲಿ ಬೆವರು ತಣ್ಣಗಾಗಿ, ನಡುವಿಗೆ ತಲಪುವ ಮುನ್ನ ಸೈಕಲ್ ನಿಲ್ಲಿಸಿ ಸ್ವೆಟರ್ ಹಾಕಿಕೊಳ್ಳಬೇಕಾಯಿತು. ದೀಪಗಳಿವೆ, ಆದರೆ ಮಂದ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲ ನಿಮಿಷ ಏನೂ ಕಾಣುವುದಿಲ್ಲ, ಸೈಕಲ್ಲಿನ ದೀಪವನ್ನು ಹೊರಗಡೆಯೇ ಹೊತ್ತಿಸಿಕೊಳ್ಳುವುದು ಕ್ಷೇಮ. ಮೇಲಿನಿಂದ ತೊಟ್ಟಿಕ್ಕುವ ನೀರು ಕತ್ತಿನ ಹಿಂದೆ ಬಿತ್ತು. ಎದುರಿನಿಂದ ಬಂದ ಶಾಲಾ ಮಕ್ಕಳ ಗುಂಪೊಂದು ಪ್ರತಿಧ್ವನಿ ಕೇಳಲು ಒಬ್ಬೊಬ್ಬರಾಗಿ ಕಿರುಚುತ್ತ ಹೋಯಿತು. ಅವರ ಶಿಕ್ಷಕಿ ಹಿಂದಿನಿಂದ ಬೇಡವೆಂದು ಇನ್ನೂ ಜೋರಾಗಿ ಕೂಗುತ್ತಿದ್ದರು.

ಇದೇ ಬೆಟ್ಟದ ಸಾಲನ್ನು ಪ್ಯಾರಿಸ್ಸಿನಿಂದ ಲಿಯಾನ್‌ಗೆ ಹೋಗುವ ಅತಿವೇಗದ ರೈಲೂ ದಾಟುತ್ತದೆ. 1981ರಲ್ಲಿ ಆರಂಭವಾದ ಆ ಮಾರ್ಗದಲ್ಲಿ ಒಂದು ಸುರಂಗವೂ ಇಲ್ಲ. ವಿದ್ಯುತ್ತಿನ ಬಲ, ಹಗುರ ಬೋಗಿಗಳು, ಜೊತೆಗೆ ವೇಗದ ನೂಕು ಇರುವುದರಿಂದ ಸಾವಿರ ಮೀಟರಿಗೆ 35 ಮೀಟರ್ ಏರುವ ಇಳಿಜಾರುಗಳನ್ನೂ ಆ ರೈಲುಗಳು ಹತ್ತಿಬಿಡುತ್ತವೆ. ಮುದುಕ ರೈಲು ಗುಡ್ಡದ ಹೊಟ್ಟೆಯನ್ನು ಸೀಳಿಕೊಂಡು ಹೋಯಿತು, ಮರಿ ರೈಲು ಗುಡ್ಡದ ಬೆನ್ನೇರಿ ಹಾರಿತು. ನಮ್ಮಂಥ ಸವಾರರಿಗೆ ದಕ್ಕಿದ್ದು ಮುದುಕನ ಆಸ್ತಿ. ಹೊಸ ಮಾರ್ಗ ಎಂದಾದರೂ ನಿಂತುಹೋದರೆ ಅದರ ಮೇಲೆ ಸೈಕಲ್ ತುಳಿಯುವವರ ಪಾಡು ಬೇರೆಯೇ ಇದ್ದೀತು. ಸುರಂಗದಿಂದ ಹೊರಬಂದ ಮೇಲೆ ಬೆರ್ಝೆ ಕೋಟೆಯನ್ನು ನೋಡುತ್ತ ಇಳಿಯುವಾಗ, ದೂರದಲ್ಲಿ ಅಂಥದೊಂದು ರೈಲು ಕಂಡಿತು, ಸದ್ದು ಬರುವಷ್ಟರಲ್ಲಿ ಮರೆಯಾಯಿತು.

ಇಲ್ಲಿಂದ ಮಾಕೋನ್ ಕಡೆಗೆ ಬಹಳ ದೂರ ಪೆಡಲ್ ತುಳಿಯದೆಯೇ ಹೋಗಬಹುದು. ಮತ್ತೆ ದ್ರಾಕ್ಷಿತೋಟಗಳು, ದಕ್ಷಿಣಕ್ಕೆ 493 ಮೀಟರ್ ಎತ್ತರದ ಸೊಲ್ಯುತ್ರೆ ಬಂಡೆ ಹಡಗಿನ ಮೂತಿಯಂತೆ ಎದ್ದು ನಿಂತಿದೆ. ಅದರ ಬುಡದಲ್ಲಿ ಹಿಮಯುಗದ ಬೇಟೆಗಾರರು ಕೊಂದ ಕುದುರೆಗಳ ಮೂಳೆಗಳು ರಾಶಿರಾಶಿಯಾಗಿ ಸಿಕ್ಕಿವೆ. ಬೆರ್ಝೆ-ಲಾ-ವಿಲ್ ಎಂಬಲ್ಲಿ ಕ್ಲೂನಿಯ ಸನ್ಯಾಸಿಗಳ ಪುಟ್ಟ ಪ್ರಾರ್ಥನಾಲಯದ 12ನೇ ಶತಮಾನದ ಗೋಡೆಚಿತ್ರಗಳನ್ನು ನೋಡಲು ಹೋಗಬೇಕಿತ್ತು. ಗಂಟೆ ನೋಡಿದರೆ ಹನ್ನೆರಡಾಗಲು ಐದು ನಿಮಿಷ, ಆ ಏರು ಹತ್ತಿ ಹೋಗುವಷ್ಟರಲ್ಲಿ ಬಾಗಿಲು ಹಾಕಿರುತ್ತಾರೆ. ಬಿಟ್ಟು ಹೊರಟೆವು. ಶಾರ್ನೆಯಲ್ಲಿ ರೈಲು ಹಾದಿ ಮುಗಿದು ಪೇಟೆಯ ಬೀದಿಗಳು ಆರಂಭವಾಗುತ್ತವೆ. ಮಾಕೋನ್ ನದಿದಂಡೆಗೆ ತಲಪುವವರೆಗಿನ ಆ ಸ್ವಲ್ಪ ದೂರ ಕಾರುಗಳ ನಡುವೆ ಹೋಗುವುದು ಅನಿವಾರ್ಯ. ನಾನು ಇಳಿದು ನಡೆದೆ.

ಮಾಕೋನ್‌ನಿಂದ ಮುಂದಿನ ಕಥೆ ಬೇರೆ. ಸೋನ್ ನದಿಯ ಪಕ್ಕದ ಹಾದಿ ಒಂದು ಕಾಲದಲ್ಲಿ ಕುದುರೆಗಳು ಹಗ್ಗ ಕಟ್ಟಿ ಸರಕು ದೋಣಿಗಳನ್ನು ಎಳೆದೊಯ್ಯುತ್ತಿದ್ದ ದಂಡೆ. ಲಕ್ಸೆಂಬರ್ಗ್ ಗಡಿಯಿಂದ ಲಿಯಾನ್‌ವರೆಗಿನ ಸುಮಾರು 700 ಕಿಲೋಮೀಟರುಗಳ ‘ನೀಲಿ ದಾರಿ’ಯ ಭಾಗವಾಗಿ ಈಗ ಅದನ್ನು ಸೈಕಲ್ಲಿಗೆ ಸಿದ್ಧಪಡಿಸಿದ್ದಾರೆ. ಕೆಲವೆಡೆ ಡಾಂಬರು, ಕೆಲವೆಡೆ ಅದುಮಿ ಗಟ್ಟಿ ಮಾಡಿದ ಜಲ್ಲಿ. ಈ ನದಿ ಎತ್ತ ಹರಿಯುತ್ತಿದೆ ಎಂದು ಕಣ್ಣಿಗೆ ಹೇಳಲಾಗದಷ್ಟು ಮಂದ ಎಂದು ಜೂಲಿಯಸ್ ಸೀಸರ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. ಎಲೆಯೊಂದನ್ನು ನೀರಿಗೆ ಹಾಕಿ ನೋಡಿದೆವು, ಗಾಳಿಗೆ ಸಿಕ್ಕಿ ಅದು ತಪ್ಪು ದಿಕ್ಕಿಗೆ ಹೋಯಿತು. ಇಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಪೂರ್ಣ ಸಮತಟ್ಟು ದಾರಿಯ ದಣಿವು ಎಂಥದೆಂದು ನಮಗೆ ತಿಳಿದದ್ದು ಇಲ್ಲಿ. ಇಳಿಜಾರು ಬಂದರೆ ಕಾಲಿಗೆ ಬಿಡುವು, ಏರು ಬಂದರೆ ಆಸನದಿಂದ ಏಳುತ್ತೇವೆ. ಎರಡೂ ಇಲ್ಲದಿದ್ದಾಗ ಒಂದೇ ಭಂಗಿಯಲ್ಲಿ ಕುಳಿತು ಬಿಡುವಿಲ್ಲದೆ ತುಳಿಯಬೇಕು, ಸಂಜೆಗೆ ಸೊಂಟ ಮತ್ತು ಅಂಗೈ ಹಿಡಿದುಕೊಳ್ಳುತ್ತವೆ. ಅದರ ಮೇಲೆ ಉತ್ತರದಿಂದ ಬೀಸುವ ‘ಬೀಝ್’ ಎಂಬ ಗಾಳಿ. ನಾವು ಹೋಗುತ್ತಿದ್ದುದು ಉತ್ತರಕ್ಕೇ. ಗಂಟೆಗೆ ಎಂಟು ಒಂಬತ್ತು ಕಿಲೋಮೀಟರ್ ಸಾಗುವುದೂ ಕಷ್ಟವಾದಾಗ ಇಬ್ಬರೂ ಸರದಿಯಂತೆ ಮುಂದಾದೆವು. ಹಿಂದಿದ್ದವರಿಗೆ ಗಾಳಿಯ ಹೊಡೆತ ಕಡಿಮೆ. ಗಾಳಿ ಬಲವಾಗಿದ್ದರೆ ಈ ಸುತ್ತನ್ನು ತಿರುಗಿಸಿ, ಶಾಲೋನ್‌ನಿಂದ ಮೊದಲು ನದಿ ಹಿಡಿದು ದಕ್ಷಿಣಕ್ಕೆ ಬಂದು, ಹಿಂದಿರುಗುವಾಗ ಮರಗಳ ಮರೆಯಿರುವ ರೈಲು ಹಾದಿಯನ್ನು ಬಳಸುವುದು ಲೇಸೆಂದು ನನ್ನ ಅಭಿಪ್ರಾಯ. ಮಾಕೋನ್ ಕಡೆಯಿಂದ ಸುರಂಗದವರೆಗೆ ಏರುವ ಶ್ರಮ ಈ ಗಾಳಿಗಿಂತ ಕಡಿಮೆಯೇ.

ತೂರ್ನ್ಯು ಊರಿನಲ್ಲಿ ಗಾಳಿಯಿಂದ ತಪ್ಪಿಸಿಕೊಳ್ಳಲು ಹೊಕ್ಕ ಸಾಂ-ಫಿಲಿಬೇರ್ ಚರ್ಚಿನ ದುಂಡು ಕಂಬಗಳು, ಚಿತ್ತಾರವಿಲ್ಲದ ನಸುಗೆಂಪು ಕಲ್ಲಿನವು, ನೋಡುತ್ತ ಕುಳಿತಷ್ಟೂ ಹಿಡಿದು ನಿಲ್ಲಿಸಿದವು. ಅಲ್ಲಿಂದ ಶಾಲೋನ್‌ವರೆಗಿನ ದಾರಿಯಲ್ಲಿ ನೆರೆ ಬಂದ ವರ್ಷಗಳ ನೀರಿನ ಮಟ್ಟ ಗುರುತಿಸಿದ ಕಲ್ಲುಗಳನ್ನು ಕಂಡೆವು. ಚಳಿಗಾಲ ಮತ್ತು ವಸಂತದ ಆರಂಭದಲ್ಲಿ ನದಿ ದಂಡೆ ಮೀರಿ ಹರಡುವುದರಿಂದ ಈ ಭಾಗದಲ್ಲಿ ಹಾದಿಯೇ ಮುಳುಗುವುದುಂಟು. ಸುರಂಗ ತೆರೆದಿರಬೇಕು, ದಂಡೆ ಒಣಗಿರಬೇಕು, ಬಿಸಿಲು ತಾಳುವಂತಿರಬೇಕು ಎಂದರೆ ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳೇ ಸೂಕ್ತ. ಮೇ ತಿಂಗಳಿನಲ್ಲಿ ಸರಕಾರಿ ರಜೆಗಳು ಒಂದರ ಹಿಂದೊಂದು ಬರುವುದರಿಂದ ಕೊಠಡಿಗಳನ್ನು ಬಹಳ ಮುಂಚೆ ಕಾಯ್ದಿರಿಸಬೇಕು, ಅಂಗಡಿಗಳ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕು. ಗಾಳಿಯಲ್ಲಿ ಸಾಕೆನಿಸಿದವರಿಗೆ ಇನ್ನೊಂದು ದಾರಿಯೂ ಇದೆ. ಮಾಕೋನ್, ತೂರ್ನ್ಯು, ಶಾಲೋನ್ ಮೂರೂ ಒಂದೇ ರೈಲು ಮಾರ್ಗದಲ್ಲಿವೆ. ಪ್ರಾದೇಶಿಕ ರೈಲಿನಲ್ಲಿ ಜಾಗವಿದ್ದಷ್ಟು ಸೈಕಲ್ಲುಗಳನ್ನು ಬಿಚ್ಚದೆ ಹಾಗೆಯೇ ಹತ್ತಿಸಬಹುದು, ಬೋಗಿಯ ಮೇಲಿನ ಸೈಕಲ್ ಚಿತ್ರ ನೋಡಿಕೊಂಡು ಆ ಬಾಗಿಲ ಎದುರು ನಿಂತಿರಬೇಕು, ಜನ ಇಳಿಯುವವರೆಗೆ ತಡೆದು ಆಮೇಲೆ ಎತ್ತಬೇಕು. ಕೆಲಸದ ದಿನಗಳಲ್ಲಿ ಸಂಜೆ ಐದರಿಂದ ಏಳರವರೆಗೆ ಕಚೇರಿಯಿಂದ ಹಿಂದಿರುಗುವವರಿಂದ ಬೋಗಿಗಳು ತುಂಬಿರುತ್ತವೆ. ಮೂರು ಗಂಟೆಯ ಗಾಡಿ ಹಿಡಿಯುವುದು ಸುಲಭ, ಆ ಹೊತ್ತಿನಲ್ಲಿ ಹೇಗೂ ಎಲ್ಲಿಯೂ ಊಟ ಸಿಗುವುದಿಲ್ಲ.